ಈರುಳ್ಳಿ ಸಿಪ್ಪೆ ಬಣ್ಣದ ಲಗ್ನಪತ್ರಿಕೆ

ಬಣ್ಣದ ವಿಷಯದಲ್ಲಿ ನನ್ನಂಥ ಗಂಡಸರು ಬಾಯಿ ಹಾಕಬಾರದು ಎಂಬುದು ನಾನು ಪೆಟ್ಟು ತಿಂದು ಕಲಿತ ಪಾಠ. ನನಗೆ ಗೊತ್ತಿರುವ ಬಣ್ಣ ಏಳು. ಅವೂ ಸ್ಕೂಲಿನಲ್ಲಿ ಕಾಮನಬಿಲ್ಲಿನ ಪಾಠ ಮಾಡಿ ಮಾಡಿ ಬಾಯಿಗೆ ಬಂದವು. ನನ್ನ ಹೆಂಡತಿ ಸರೋಜ ಸೀರೆ ಅಂಗಡಿಯಲ್ಲಿ ಕೂತರೆ ಹಸಿರೊಂದರಲ್ಲೇ ಹದಿನಾರು ಹೇಳುತ್ತಾಳೆ. ಬೀದಿಗೊಂದು ಎಸ್‌ಟಿಡಿ ಬೂತ್ ಇದ್ದ ಕಾಲ. ಮಗಳ ಮದುವೆ ಗೊತ್ತಾದಾಗ ಸರೋಜಳ ಅಪ್ಪಣೆಯಾಯಿತು: "ಲಗ್ನಪತ್ರಿಕೆ ಈರುಳ್ಳಿ ಸಿಪ್ಪೆ ಬಣ್ಣದಲ್ಲಿರ್ಲಿ ಕಣ್ರೀ. ಅರಿಶಿನ, ಕೆಂಪು ನೋಡಿ ನೋಡಿ ಸಾಕಾಗಿದೆ."

ಜೇಬಿನಲ್ಲಿ ಸಿಪ್ಪೆ ಇಟ್ಟುಕೊಂಡು ನಜರ್‌ಬಾದಿನ ಪ್ರೆಸ್ಸಿಗೆ ಹೋದೆ. ಮಾಲೀಕರಾದ ನಂಜುಂಡಯ್ಯ ಬಣ್ಣಗಳ ಪುಸ್ತಕ ಮುಂದಿಟ್ಟು, "ಒಂದು ನಂಬರ್ ಬರೆದ್ಬುಡಿ ಮೇಷ್ಟ್ರೇ, ಆಮೇಲೆ ತಕರಾರಿರಲ್ಲ" ಅಂದರು. "ನಂಬರ್ ಹಾಕೋಕೆ ಬಣ್ಣ ಏನು ಜೈಲಿನ ಕೈದಿಯೇನ್ರೀ?" ಎಂದು ಆರ್ಡರ್ ಚೀಟಿಗೆ ಸಿಪ್ಪೆಯನ್ನೇ ಅಂಟಿಸಿದೆ. "ಈ ಬಣ್ಣ ಕಾಗದಕ್ಕೋ, ಅಕ್ಷರಕ್ಕೋ?" ಎಂದು ಮತ್ತೆ ಕೇಳಿದರು. ಎಷ್ಟು ಪ್ರಶ್ನೆಯಪ್ಪಾ ಈ ಮನುಷ್ಯನದು! "ಎಲ್ಲಕ್ಕೂ" ಅಂದುಬಿಟ್ಟೆ. ಕರಡು ನೋಡಿ ಅಂದಾಗಲೂ ಬೇಡ ಅಂದೆ.

ಪುಣ್ಯಾತ್ಮ ಚಾಚೂ ತಪ್ಪದೆ ಮಾಡಿದ್ದರು. ಈರುಳ್ಳಿ ಬಣ್ಣದ ಕಾಗದದ ಮೇಲೆ ಈರುಳ್ಳಿ ಬಣ್ಣದ ಅಕ್ಷರ! ಸರೋಜ ಒಂದನ್ನು ಎತ್ತಿ ಹಿಡಿದು, "ಹೆಚ್ಚದೇನೇ ಕಣ್ಣಲ್ಲಿ ನೀರು ಬರ್ತಿದೆ" ಅಂದಳು. ಮದುವೆಗೆ ಹನ್ನೆರಡೇ ದಿನ, ಮತ್ತೆ ಅಚ್ಚು ಹಾಕಲು ಪ್ರೆಸ್ಸಿಗೆ ಪುರುಸೊತ್ತಿಲ್ಲ. ಯಾರೂ ಬರದಿದ್ದರೆ ಮಾನ ಹೋಗುತ್ತದಲ್ಲ? ಸರೋಜಳನ್ನೂ ಕರೆದುಕೊಂಡು ಮನೆ ಮನೆಗೆ ಹೋಗಿ ನಾನೇ ಓದಿ ಹೇಳುವುದೆಂದಾಯಿತು.

ಮೈಸೂರಿನಲ್ಲಿ ಲಗ್ನಪತ್ರಿಕೆ ಕೈಗೆ ಬಂದರೆ ನೆಂಟರು ಮೊದಲು ಮುಹೂರ್ತ ನೋಡುವುದಿಲ್ಲ. "ಸುಖಾಗಮನ ಬಯಸುವವರು" ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡುತ್ತಾರೆ. ನಾನು ಯಾರ ಮನೆಯಲ್ಲಿ ಕೂತಿದ್ದೆನೋ ಅವರ ಹೆಸರನ್ನೇ ಆ ಪಟ್ಟಿಗೆ ಸೇರಿಸಿ ಓದತೊಡಗಿದೆ. ಎಲ್ಲರ ಮುಖವೂ ಅರಳಿತು. ನಂಜುಂಡಯ್ಯನವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕೊನೆಗೆ ಮೇಟಗಳ್ಳಿಯಲ್ಲಿ ಸರೋಜಳ ತಮ್ಮ ಮಹದೇವು ಮನೆ. ಹುಡುಗಿಯ ಸೋದರಮಾವ! ಪತ್ರಿಕೆ ಬರೆದುಕೊಡುವಾಗ ಅವನ ಹೆಸರನ್ನೇ ಮರೆತಿದ್ದೆನೆಂದು ಹೊಸಲು ದಾಟುವಾಗ ಹೊಳೆಯಿತು. ಆದರೂ ಧೈರ್ಯಗೆಡದೆ, "ಸೋದರಮಾವ ಶ್ರೀ ಮಹದೇವು ಮತ್ತು ಕುಟುಂಬದವರು" ಎಂದು ಗಟ್ಟಿಯಾಗಿ ಓದಿದೆ.

"ನಮ್ಮದೇ ಮೊದಲನೇ ಹೆಸ್ರಾ ಭಾವ?" ಎಂದು ಅವನು ಕಣ್ಣೊರೆಸಿಕೊಂಡ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಹಿಂದಿರುಗುವಾಗ ಸ್ಕೂಟರಿನ ಹಿಂದೆ ಕೂತ ಸರೋಜ ಪತ್ರಿಕೆಗಳ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಅಂದಳು:

"ಬಿಸಿಲಿಗೆ ಹಿಡಿದ್ರೆ ನಂಗೆ ಎಲ್ಲಾ ಅಕ್ಷರಾನೂ ಕಾಣ್ಸತ್ತೆ ಕಣ್ರೀ."

ಅಂದಿನಿಂದ ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವವನು ನಾನೇ.