ಹಿಂದೆ ಹಗ್ಗ, ಮುಂದೆ ಮುನಿಶಾಮಪ್ಪ

ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟಕ್ಕೆ ಮೋಟಾರ್ ಬೈಕ್ ಓಡಿಸುವುದರಲ್ಲಿ ನನ್ನನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಬೇರೆ ಯಾರ ಹತ್ತಿರವೂ ಬೈಕ್ ಇರಲಿಲ್ಲ, ಆ ಮಾತು ಬೇರೆ! ಮಿಲಿಟರಿಯವರು ಹರಾಜು ಹಾಕಿದ್ದ ಗಾಡಿ. ನಾನು ಊರ ಶಾಲೆಯ ಮೇಷ್ಟ್ರು. ಗಾಡಿ ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ರೇಷ್ಮೆಗೂಡಿನ ಮೂಟೆಯನ್ನು ಹಿಂದೆ ಹಗ್ಗದಿಂದ ಬಿಗಿದು, ಹೆಂಡತಿ ಸಾವಿತ್ರಿಯನ್ನು ಕೂರಿಸಿಕೊಂಡು ಹೊರಟೆ.

"ರೀ, ಹಗ್ಗ ಸಡಿಲ ಆಗ್ತಿದೆ."

"ಕಟ್ಟಿದ್ದು ನಾನು ಕಣೇ!"

"ನೀವು ಕಟ್ಟಿದ್ದಕ್ಕೇ ಹೇಳ್ತಿರೋದು."

ಎಲಾ ಇವಳ! ಪೂರ್ತಿ ಹಿಂದಕ್ಕೆ ತಿರುಗಿದೆ. ಹಗ್ಗ ಬಿಗಿಯಾಗೇ ಇತ್ತು. ತೋರಿಸಲು ಬೆರಳು ಚಾಚಿದೆ.

ಮುಂದೆ ಪೋಸ್ಟ್‌ಮನ್ ಮುನಿಶಾಮಪ್ಪ ನಡೆದು ಹೋಗುತ್ತಿದ್ದ.

"ಅಯ್ಯೋ ದೇವುಡಾ!" ಒಂದೇ ಕೂಗು. ಕಾಗದಗಳೆಲ್ಲ ರಸ್ತೆ ತುಂಬ ಚೆಲ್ಲಾಡಿದವು. ಅವನ ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಏಳು ಹಳ್ಳಿಗೆ ನಡೆದೇ ಟಪಾಲು ಹಂಚುವ ಮನುಷ್ಯ, ಕಾಲಿದ್ದರೆ ಕೆಲಸ. ಕಟ್ಟು ಹಾಕಿದ ಡಾಕ್ಟರು, "ಮೂಳೆ ಕೂಡುತ್ತೆ. ಮೊದಲಿನ ಹಾಗೆ ನಡೀತಾನೋ ಇಲ್ಲವೋ ಹೇಳಕ್ಕಾಗಲ್ಲ" ಅಂದರು. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಆದರೂ ಪೊಲೀಸರು ಕೇಸು ಹಾಕಿದಾಗ ಬುದ್ಧಿ ಅಡ್ಡದಾರಿ ಹಿಡಿಯಿತು. "ಮೇಕೆ ಅಡ್ಡ ಬಂತು ಅಂದುಬಿಡು" ಎಂದು ಸಾವಿತ್ರಿಗೆ ಮೂರು ದಿನ ಪಾಠ ಮಾಡಿದೆ. ಮೇಕೆಯ ಬಣ್ಣವನ್ನೂ ಗೊತ್ತುಮಾಡಿದ್ದೆ. ಕಪ್ಪು! ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಕೋರ್ಟಿನಲ್ಲಿ ಅವಳು ನನ್ನ ಕಡೆಯ ಏಕಮಾತ್ರ ಸಾಕ್ಷಿ.

"ಏನಮ್ಮ, ಮೇಕೆ ಬಂತಾ?" ಎಂದರು ಮ್ಯಾಜಿಸ್ಟ್ರೇಟರು.

ಸಾವಿತ್ರಿ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಮುನಿಶಾಮಪ್ಪನನ್ನು ನೋಡಿದಳು.

"ಇಲ್ಲ ಸ್ವಾಮಿ. ಮದುವೆಯಾಗಿ ಹನ್ನೆರಡು ವರ್ಷ, ನಾನು ಮಾತಾಡಿದ್ರೆ ಇವರು ಒಂದು ದಿನಾನೂ ತಿರುಗಿ ನೋಡಿದವರಲ್ಲ. ಅವತ್ತು ನೋಡಿದ್ರು."

ಕೋರ್ಟಿಗೆ ಕೋರ್ಟೇ ನಕ್ಕಿತು. ಮುನಿಶಾಮಪ್ಪ ನಗಲಿಲ್ಲ.

ನನಗೆ ಜುಲ್ಮಾನೆ, ಜೊತೆಗೆ ಅವತ್ತಿನ ಕಲಾಪ ಮುಗಿಯುವವರೆಗೆ ಕೋರ್ಟಿನ ಮೂಲೆಯಲ್ಲಿ ನಿಂತಿರುವ ಶಿಕ್ಷೆ. ಎಷ್ಟು ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿದ್ದೆನೋ! ಅವರಲ್ಲಿ ಇಬ್ಬರು ಈಗ ದೊಡ್ಡವರಾಗಿ, ಕಿಟಕಿಯಿಂದ ನೋಡುತ್ತಿದ್ದರು.

ರಾಗಿ ಕಟಾವು ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಮುನಿಶಾಮಪ್ಪ! ಕುಂಟುತ್ತಿದ್ದ, ಆದರೆ ನಡೆದು ಬಂದಿದ್ದ!

"ರಿಜಿಸ್ಟರು ಮೇಷ್ಟ್ರೇ. ಸೈನು ಹಾಕಿ."

ನನ್ನ ಲೈಸೆನ್ಸು ರದ್ದಾದ ಕಾಗದ. ನನಗೆ ಅದರ ಮೇಲೆ ಗಮನವೇ ಇಲ್ಲ, ಅವನ ಕಾಲು ನೋಡಿ ಕಣ್ಣಲ್ಲಿ ನೀರು ಬಂತು. "ಇರಪ್ಪ, ಕೈಹಿಡಿದು ಮೆಟ್ಟಿಲು ಇಳಿಸ್ತೀನಿ" ಎಂದು ಮುಂದೆ ಬಂದೆ.

ಅವನು ಕೋಲು ಅಡ್ಡ ಹಿಡಿದ.

"ಬೇಡಿ ಸ್ವಾಮಿ, ಅಲ್ಲೇ ನಿಂತ್ಕೊಳ್ಳಿ. ನಾನು ಬೀದಿ ತಿರುವು ದಾಟೋವರ್ಗೂ ಅಲ್ಲಾಡಬೇಡಿ."

ನಿಂತೆ. ನಿಲ್ಲುವುದು ಈಗ ಅಭ್ಯಾಸವಾಗಿತ್ತು.