ಫಕೀರೇಶನ ಡಿಟೆಕ್ಟರು ಮತ್ತು ಅತ್ತೆಯ ಓಲೆ

ಹೆಂಡತಿ ಗುರುದೇವಿಯ ಕೆಂಪು ಕಲ್ಲಿನ ಓಲೆಯ ತಿರುಪು ಸಡಿಲವಾಗಿದೆ ಎಂದು ಅಕ್ಕಸಾಲಿಗನ ಅಂಗಡಿಗೆ ಹೊರಟ ಫಕೀರೇಶ, ಅದನ್ನು ಜೇಬಿಗೆ ಹಾಕುವ ಮೊದಲು ಜೇಬಿನಲ್ಲಿ ತೂತಿದೆಯೇ ಎಂದು ನೋಡಬೇಕಿತ್ತು. ನೋಡಲಿಲ್ಲ. ಹೊಸಹಳ್ಳಿಯ ಖಾಲಿ ಸೈಟಿನಲ್ಲಿ ಅಡ್ಡದಾರಿ ಹಿಡಿದು ಅಂಗಡಿ ಮುಟ್ಟುವಷ್ಟರಲ್ಲಿ ಓಲೆ ಮಾಯವಾಗಿತ್ತು. ಬಾಗಿಲಿಂದಲೇ ವಾಪಸು ಬಂದು, ಅಕ್ಕಸಾಲಿಗ ಹತ್ತು ದಿನ ಬೇಕೆಂದ ಅಂತ ಗುರುದೇವಿಗೆ ಸುಳ್ಳು ಹೇಳಿದ.

ಹತ್ತನೆಯ ದಿನ ಬಂದೇಬಿಟ್ಟಿತು. ಅವತ್ತೇ ಅತ್ತೆ ಲಕ್ಷ್ಮವ್ವನೂ ಬರುವವಳಿದ್ದಳು. ಮದುವೆಯಲ್ಲಿ ಆ ಓಲೆ ಕೊಟ್ಟವಳು ಅವಳೇ. ಮೈಸೂರಿನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದವಳು ಸಂಜೆಯ ಬಸ್ಸಿಗೆ ಬರುತ್ತೇನೆಂದು ಫೋನ್ ಮಾಡಿದ್ದಳು. ಬಂದವಳು ಮೊದಲು ನೋಡುವುದು ಮಗಳ ಮುಖವನ್ನಲ್ಲ, ಕಿವಿಯನ್ನು.

ಫಕೀರೇಶ ರಾಜಾಜಿನಗರದ ಒಂದು ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಸೆಕ್ಯುರಿಟಿ. ಹಿಂದಿನ ವರ್ಷದ ಬಾಂಬ್ ಗಲಾಟೆಯ ನಂತರ ಬಂದವರ ಮೈಮೇಲೆಲ್ಲ ಮೆಟಲ್ ಡಿಟೆಕ್ಟರು ಆಡಿಸುವುದೇ ಅವನ ಕೆಲಸ. ಹತ್ತನೆಯ ದಿನ ವಾರದ ರಜೆಯಾದ್ದರಿಂದ, ಹಿಂದಿನ ರಾತ್ರಿಯೇ ಅದನ್ನು ಊಟದ ಚೀಲದಲ್ಲಿ ಅಡಗಿಸಿ ತಂದಿದ್ದವನು ಬೆಳಿಗ್ಗೆಯೇ ಸೈಟಿಗೆ ಇಳಿದ.

ಮೊದಲು ಸೋಡಾ ಬಾಟಲಿ ಮುಚ್ಚಳ ಸಿಕ್ಕಿತು, ಆಮೇಲೆ ಮೊಳೆಗಳು. ಮತ್ತೆ ಕುಂಯ್ ಅಂದಾಗ ಕೆದಕಿದರೆ, ಬೇವಿನೆಲೆಯಷ್ಟು ಉದ್ದದ ಹಿತ್ತಾಳೆ ತಗಡು. ಒಂದು ತುದಿಯಲ್ಲಿ ಸೂಜಿಯ ಹಾಗೆ ಕೊರೆದ ಕಣ್ಣು, ಇನ್ನೊಂದರಲ್ಲಿ ಮೂರು ಕೊಕ್ಕೆ. ಪಕ್ಕದಲ್ಲೇ ಅಂಥವು ಇನ್ನೆರಡು. ಇದೇನೆಂದು ಅವನಿಗೆ ತಲೆಬುಡ ತಿಳಿಯಲಿಲ್ಲ.

ಎದುರು ಮನೆಯ ಬೋರಮ್ಮ ಬಂದಳು. ಸೈಟು ಅವಳದೇ. ಏನು ಹುಡುಕುತ್ತಿದ್ದೀಯ ಎಂದು ಕೇಳಿದರೆ ಫಕೀರೇಶ ಹಲ್ಲು ಗಿಂಜಿದ. ಓಲೆಯ ಸುದ್ದಿ ಎತ್ತಿದರೆ ಅದು ಅವನಿಗಿಂತ ಮೊದಲು ಗುರುದೇವಿಯನ್ನು ತಲುಪುತ್ತಿತ್ತು. ಬೋರಮ್ಮ ತಗಡನ್ನು ತಿರುಗಿಸಿ ನೋಡಿ ಕಣ್ಣಿಗೆ ಒತ್ತಿಕೊಂಡಳು. ಇಲ್ಲಿ ಕೆರೆಯಿದ್ದಾಗ ಏರಿಯ ಮೇಲೆ ಅಮ್ಮನ ಗುಡಿ ಇತ್ತಂತೆ, ಇದು ಆ ಅಮ್ಮನ ಒಡವೆಯೇ ಸೈ ಎಂದು ಅರಿಶಿನ ಕುಂಕುಮ ತಂದು ಹಚ್ಚಿದಳು. ಟಿವಿ ರಿಪೇರಿಯ ನಾಣಿ ಇಣುಕಿ, ಒಡವೆಗೆ ಕೊಕ್ಕೆ ಯಾಕೆ, ಇದು ಬಾಂಬಿನ ಪಾರ್ಟು, ಪೊಲೀಸರಿಗೆ ಹೇಳಬೇಕು ಎಂದ. ಪೊಲೀಸರು ಬಂದರೆ ಡಿಟೆಕ್ಟರು ಯಾರದು ಅಂತ ಕೇಳುತ್ತಾರೆ. ಫಕೀರೇಶ ದೇವಿಗೆ ಕೈ ಮುಗಿಯಬೇಕೋ, ಬಾಂಬಿಗೆ ಹೆದರಿ ಓಡಬೇಕೋ ಗೊತ್ತಾಗದೆ ಎರಡನ್ನೂ ಅರ್ಧರ್ಧ ಮಾಡಿದ.

ಅಷ್ಟರಲ್ಲಿ ಗಿರಣಿ ಕೆಲಸದಿಂದ ನಿವೃತ್ತನಾದ ತಿಮ್ಮಯ್ಯ ಬಂದು, ತಗಡು ನೋಡಿ ಬಿದ್ದು ಬಿದ್ದು ನಕ್ಕ.

"ದೇವ್ರೂ ಅಲ್ಲ, ಬಾಂಬೂ ಅಲ್ಲ ಕಣಯ್ಯ. ಮೀನು ಹಿಡಿಯೋ ಗಾಳ. ನಮ್ಮಮ್ಮನ ಹಿತ್ತಾಳೆ ಸೌಟು ಕತ್ತರಿಸಿ ನಾನೇ ಮಾಡಿದ್ದು. ನೀರಲ್ಲಿ ಎಳೆದ್ರೆ ಫಳಫಳ ಅನ್ನುತ್ತೆ, ಚಿಕ್ಕ ಮೀನು ಅಂದ್ಕೊಂಡು ದೊಡ್ಡ ಮೀನು ಬಂದು ಕಚ್ಚುತ್ತೆ. ಕೆರೆ ಇದ್ದಾಗ ಎಷ್ಟು ಕಳ್ಕೊಂಡಿದೀನೋ."

ಬೋರಮ್ಮ ಮುಖ ಊದಿಸಿಕೊಂಡು ಕುಂಕುಮದ ಬಟ್ಟಲು ಎತ್ತಿಕೊಂಡು ಹೋದಳು. ನಾಣಿಯೂ ಜಾರಿಕೊಂಡ. ಕೇಳುವವನೊಬ್ಬ ಸಿಕ್ಕಿದನೆಂಬ ಖುಷಿಗೆ ತಿಮ್ಮಯ್ಯ ಮಾತು ಮುಂದುವರಿಸಿದ.

"ಈಗಿನ ಮೀನಿಗೆ ಹಿತ್ತಾಳೆ ಸಾಲಲ್ಲ. ಹೋದ ವಾರ ಎರೆಹುಳ ಅಗೆಯೋವಾಗ ಇಲ್ಲೇ ಒಂದು ಗಿಲೀಟು ಓಲೆ ಸಿಕ್ತು, ಕೆಂಪು ಕಲ್ಲಿಂದು. ಗಾಳಕ್ಕೆ ಕಟ್ಟಿದೆ. ನಿನ್ನೆ ಕೆಂಗೇರಿ ಕೆರೇಲಿ ಇಷ್ಟುದ್ದದ ಕೊರವ ಮೀನು ಅದನ್ನ ಗಬಕ್ಕನೆ ನುಂಗಿ, ದಾರ ಕಿತ್ಕೊಂಡು ಹೋಯ್ತು ನೋಡು."

ಗಿಲೀಟಲ್ಲ, ಅಪ್ಪಟ ಚಿನ್ನ ಎಂದು ಕೂಗಬೇಕೆನಿಸಿತು ಫಕೀರೇಶನಿಗೆ. ಕೂಗದೆ, ಆ ಕೊರವ ಅಷ್ಟರಲ್ಲಿ ಯಾರ ಬಲೆಗಾದರೂ ಬಿದ್ದಿರಬಹುದೆಂಬ ಆಸೆಯಿಂದ ಕೆಂಗೇರಿ ಬಸ್ಸು ಹತ್ತಿದ.

ಕೆರೆಯ ಮೀನು ಮಾರುವವರು ಸಂಜೆ ಹೊತ್ತು ಕೂರುವುದು ಬಸ್ ಸ್ಟಾಪಿನ ಪಕ್ಕದಲ್ಲೇ. ಫಕೀರೇಶನದು ಮೀನಿನ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ಲಿಂಗಾಯತರ ಮನೆ. ಹಣೆಯ ಮೇಲಿನ ವಿಭೂತಿ ಇನ್ನೂ ಮಾಸಿರಲಿಲ್ಲ. ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಡಿಟೆಕ್ಟರು ಹಿಡಿದು ಒಂದೊಂದೇ ಮೀನಿನ ಮೇಲೆ ಆಡಿಸಿದ. ಯಾರೋ ಚೆಕಿಂಗ್ ಆಫೀಸರು ಎಂದುಕೊಂಡು ಮಾರುವವನು ಎದ್ದು ನಿಂತ. ಎಲ್ಲಕ್ಕಿಂತ ದೊಡ್ಡ ಕೊರವದ ಮೇಲೆ ಡಿಟೆಕ್ಟರು ಕುಂಯ್ ಅಂದಾಗ ಫಕೀರೇಶನಿಗೆ ಹೋದ ಜೀವ ಬಂದಂತಾಯಿತು. ಅದನ್ನು ಕೊಂಡು, ಅಲ್ಲೇ ಕೊಯ್ಯಿಸಿದ.

ಹೊಟ್ಟೆಯಲ್ಲಿದ್ದದ್ದು ತಿಮ್ಮಯ್ಯನ ಇನ್ನೊಂದು ಹಿತ್ತಾಳೆ ತಗಡು.

"ಅಳಿಯಂದ್ರ."

ತಿರುಗಿ ನೋಡಿದರೆ ಲಕ್ಷ್ಮವ್ವ. ಮೈಸೂರು ಬಸ್ಸಿನ ಕಿಟಕಿಯಿಂದ ಅಳಿಯನನ್ನು ಕಂಡು, ಚೀಲ ಸಮೇತ ಇಳಿದುಬಿಟ್ಟಿದ್ದಳು. ಅವನ ಕೈಯಲ್ಲಿ ಮೀನು ಇನ್ನೂ ತೊಟ್ಟಿಕ್ಕುತ್ತಿತ್ತು. ನಿಜ ಹೇಳಿದರೆ ಓಲೆಯ ಸುದ್ದಿ ಹೊರಬೀಳುತ್ತದೆ. ಮಾನ ಹೋದರೂ ಚಿಂತೆಯಿಲ್ಲ, ಓಲೆಯ ಮಾತು ಬಾರದಿದ್ದರೆ ಸಾಕು ಎಂದು ಫಕೀರೇಶ ಗಟ್ಟಿ ಮನಸ್ಸು ಮಾಡಿದ.

"ನಿಮ್ಮ ಮುಂದ ಏನ್ ಮುಚ್ಚಿಡೂದ್ರಿ ಅತ್ತಿ. ಬೆಂಗಳೂರಿಗೆ ಬಂದ ಮ್ಯಾಲ ಮೀನ ತಿನ್ನೂದು ರೂಢಿ ಆಗೇತ್ರಿ."

ಲಕ್ಷ್ಮವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಹೋಗ್ಲಿ, ಇದ್ದದ್ದು ಇದ್ದಂಗ ಹೇಳಿದ್ರಿ. ಹಂಗಾರ ಇನ್ನೊಂದೂ ಹೇಳ್ರಿ. ಮುಂಜಾನೆ ಗುರುದೇವಿ ಅಕ್ಕಸಾಲ್ಯಾರ ಅಂಗಡಿಗೆ ಹೋಗಿದ್ಳಂತ, ಫೋನ್ ಮಾಡಿದ್ಳು. ನೀವು ಅಲ್ಲಿ ಓಲೀನ ಕೊಟ್ಟಿಲ್ಲಂತ. ಎಲ್ಲೈತಿ ಅದು?"

ಸುಳ್ಳು ಹೇಳಿ ಹೇಳಿ ಫಕೀರೇಶನಿಗೂ ಸಾಕಾಗಿತ್ತು. ಕೆರೆಯ ಕಡೆ ಕೈ ತೋರಿಸಿದ.

"ಅಲ್ಲಿ ಒಂದು ಮೀನಿನ ಹೊಟ್ಟ್ಯಾಗ ಐತ್ರಿ."

ಲಕ್ಷ್ಮವ್ವ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಮೀನ ತಿಂತೀನಿ ಅಂದ್ರಿ, ನಂಬಿದ್ನಿ," ಎಂದಳು. "ಇದನ್ನ ಹೆಂಗ ನಂಬ್ಲಿ?"