ವಿದ್ಯಾನಗರದ ಸಮುದ್ರ

ವಾರವಿಡೀ ರೈತರಿಗೆ ಫಾಸ್ಫೇಟ್ ಮಾರುವ ಮನುಷ್ಯ ಭಾನುವಾರ ಬಂತೆಂದರೆ ಅದೇ ಫಾಸ್ಫೇಟನ್ನು ಮನೆಯಿಂದ ಹೊರಗಟ್ಟಲು ಒದ್ದಾಡುತ್ತಾನೆಂದರೆ ಕೇಳಿದವರು ನಗುತ್ತಾರೆ. ನಗಲಿ. ವಿದ್ಯಾನಗರದ ಪ್ರಸನ್ನಕುಮಾರನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಶಿವಮೊಗ್ಗದ ಪೇಟೆಯಲ್ಲಿ ಅವನದು ಗೊಬ್ಬರದ ಅಂಗಡಿ. ಬಾಡಿಗೆ ಮನೆಯ ಹಾಲ್‌ನಲ್ಲಿ, ಗಾಜಿನ ತೊಟ್ಟಿಯೊಳಗೆ, ಅವನದೇ ಒಂದು ಸಮುದ್ರ. ಉಪ್ಪುನೀರು, ಜೀವಂತ ಹವಳ, ಕಿತ್ತಳೆ ಬಣ್ಣದ ಎರಡು ಮೀನು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿ ಗಂಟಲು ಒಣಗಿಸಿಕೊಂಡು ಬಂದು, ಸಂಜೆ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತನೆಂದರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ತೊಟ್ಟಿಯ ನೀರನ್ನು ಪುಟ್ಟ ಶೀಸೆಗೆ ತುಂಬಿ, ಪರೀಕ್ಷೆಯ ಔಷಧಿ ಬಿಟ್ಟು ಅಲ್ಲಾಡಿಸಿದ. ನೀರು ನೀಲಿಗೆ ತಿರುಗಿತು. ನೀಲಿ ಹೆಚ್ಚಿದಷ್ಟೂ ಫಾಸ್ಫೇಟ್ ಹೆಚ್ಚು. ಫಾಸ್ಫೇಟ್ ಹೆಚ್ಚಿದರೆ ಗದ್ದೆಯಲ್ಲಿ ಪೈರು ಏಳುತ್ತದೆ, ತೊಟ್ಟಿಯಲ್ಲಿ ಪಾಚಿ ಏಳುತ್ತದೆ. ಇಲ್ಲಿ ಆಗಲೇ ಎದ್ದಿತ್ತು. ಬಣ್ಣಬಣ್ಣದ ಹವಳಗಳ ಮೇಲೆ ಹಸಿರು ಕೂದಲು ಹಬ್ಬಿ, ಸಮುದ್ರವೆಂಬುದು ಎಮ್ಮೆ ಮೀಯುವ ಹೊಂಡದ ಹಾಗೆ ಕಾಣುತ್ತಿತ್ತು.

"ರೀ, ಸಂಜೆ ಸುಮನಾನ ನೋಡೋಕೆ ಭದ್ರಾವತಿಯಿಂದ ಗಂಡಿನ ಕಡೆಯೋರು ಬರ್ತಿದಾರೆ. ನೆನಪಿದೆ ತಾನೆ?" ಎಂದಳು ಹೆಂಡತಿ ತನುಜಾ. ಸುಮನಾ ಅವಳ ತಂಗಿ. ತಾಯಿ ಬಸವರಾಜೇಶ್ವರಿಯ ಜೊತೆ ಇವರ ಮನೆಯಲ್ಲೇ ಇದ್ದಳು.

"ನೆನಪಿದೆ."

"ಒಳಗೆ ಕಾಲಿಟ್ಟ ತಕ್ಷಣ ಕಾಣೋದೇ ಇದು. ಈ ಮನೆಯೋರು ಕಸ ಗುಡಿಸ್ತಾರೋ ಇಲ್ವೋ ಅಂದ್ಕೊಳ್ತಾರೆ. ಅವರು ಬರೋ ಹೊತ್ತಿಗೆ ಕನ್ನಡಿ ಥರ ಇರ್ಬೇಕು. ಇಲ್ಲಾಂದ್ರೆ ವೀರೇಂದ್ರ ಅವ್ರಿಗೆ ನಾನೇ ಫೋನ್ ಮಾಡಿ, ಬಂದು ಎತ್ಕೊಂಡು ಹೋಗಿ ಅಂತೀನಿ."

ಪ್ರಸನ್ನ ಕೈಲಿದ್ದ ಶೀಸೆಯನ್ನು ಥಟ್ಟನೆ ಕೆಳಗಿಟ್ಟ. ಭದ್ರಾವತಿಯ ವೀರೇಂದ್ರ ಅವನಿಗೆ ಈ ಹುಚ್ಚು ಹಿಡಿಸಿದ ಗೆಳೆಯ. ತನುಜಾ ಫೋನ್ ಇಡುವುದರೊಳಗೆ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸುವ ಆಸಾಮಿ.

ಅಷ್ಟು ಫಾಸ್ಫೇಟ್ ಬರುತ್ತಿರುವುದಾದರೂ ಎಲ್ಲಿಂದ? ಅವನಂತೂ ಅಂಗಡಿಯಿಂದ ಬಂದವನು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯದೆ ತೊಟ್ಟಿಯ ಹತ್ತಿರ ಹೋಗುತ್ತಿರಲಿಲ್ಲ. ಫಿಲ್ಟರ್ ಮಾಡಿದ ನೀರನ್ನೇ ಹಾಕುತ್ತಿದ್ದ. ಮೀನಿಗೆ ಕೊಡುತ್ತಿದ್ದುದು ಉಗುರಿನಷ್ಟು ಆಹಾರ. ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಕೆಳಗಿನ ಮನೆಯ ಚಂದ್ರಹಾಸ ಮಾಸ್ತರರು ಪೇಪರ್ ಓದಲು ಮೇಲೆ ಬಂದರು. ರಿಟೈರಾದ ಮೇಷ್ಟರು, ಮನೆಯ ಓನರ್ರು ಬೇರೆ. ಹಿಂದೆಯೇ ಅವರ ಹೆಂಡತಿ ಜಗದಾಂಬಾ.

"ತಾಮ್ರದ ಚೊಂಬು ಇಳಿಬಿಡಪ್ಪ ಒಳಗೆ. ಪಾಚಿ ಹೇಳ ಹೆಸರಿಲ್ದಂಗೆ ಹೋಗತ್ತೆ," ಎಂದರು ಮಾಸ್ತರರು.

"ಬೇಡ ಸರ್. ತಾಮ್ರ ಸೋಕಿದ್ರೆ ಹವಳ ಸತ್ತೇ ಹೋಗತ್ತೆ."

"ನಾವು ತಾಮ್ರದ ಚೊಂಬಲ್ಲೇ ನೀರು ಕುಡಿಯೋದು. ಸತ್ತಿದೀವಾ?"

ಜಗದಾಂಬಾ ಗಾಜಿನ ಹತ್ತಿರ ಬಗ್ಗಿದರು. "ಪಾಚಿ ಕತೆ ಇರ್ಲಿ, ಮೀನು ನೋಡಿ ಎಷ್ಟು ಬಡಕಲಾಗಿವೆ. ನೀವಿಲ್ದಾಗ ನಾನು ಒಂದ್ ಹಿಡಿ ಮಂಡಕ್ಕಿ ಪುಡಿ ಮಾಡಿ ಹಾಕ್ತಿರ್ತೀನಿ, ಪಾಪ."

"ಒಂದು ಹಿಡಿನಾ?"

"ದಿನಾ ಏನಲ್ಲ. ಬಂದಾಗ."

ಅವರು ಬಾರದ ದಿನವೇ ಇರಲಿಲ್ಲವೆಂದು ಪ್ರಸನ್ನನಿಗೆ ಗೊತ್ತಿತ್ತು. ಕಳ್ಳ ಸಿಕ್ಕಿದ ಎಂದುಕೊಂಡು ಸ್ಕೂಟರ್ ಹತ್ತಿ ಭದ್ರಾವತಿಗೆ ಹೊರಟ. ಫಾಸ್ಫೇಟ್ ಹೀರುವ ಸಾಮಾನು ಸುತ್ತಮುತ್ತ ಇದ್ದುದು ವೀರೇಂದ್ರನ ಹತ್ತಿರ ಮಾತ್ರ.

ವೀರೇಂದ್ರ ಕೊಟ್ಟ ಪೊಟ್ಟಣದಲ್ಲಿ ಕಂದು ಬಣ್ಣದ ಕಾಳುಗಳಿದ್ದವು. ಪ್ರಸನ್ನ ಅಂಗೈಗೆ ಸುರಿದುಕೊಂಡು ನೋಡಿದ. "ಇದೇನೋ, ತುಕ್ಕು ಕಂಡಂಗಿದೆ."

"ತುಕ್ಕೇ ಮಾರಾಯ. ಇದಕ್ಕಂತ್ಲೇ ಶುದ್ಧ ಮಾಡಿದ ಕಬ್ಬಿಣದ ತುಕ್ಕು. ಚೀಲಕ್ಕೆ ತುಂಬಿ ಫಿಲ್ಟರಲ್ಲಿಡು, ಫಾಸ್ಫೇಟ್ ಹೀರ್ಕೊಳ್ಳತ್ತೆ. ಜಾಸ್ತಿ ಹಾಕ್ಬೇಡ. ಪೂರ್ತಿ ಇಲ್ದಂಗಾದ್ರೆ ಹವಳ ಉಪವಾಸ ಬಿದ್ದು ಬಿಳುಚ್ಕೊಳ್ಳತ್ತೆ. ಅದಕ್ಕೂ ಚೂರು ಬೇಕು."

"ಭದ್ರಾವತಿಗೆ ಹೋಗಿ ತುಕ್ಕು ತಂದೆ ಅಂತ ಹೇಳೋಕೂ ನಾಚಿಕೆ."

"ನಾಚ್ಕೊಂಡು ಗೇಟಿನ ತುಕ್ಕು ಕೆರೆದು ಹಾಕಿಬಿಟ್ಟೀಯ ಮತ್ತೆ." ಪ್ರಸನ್ನ ಫೋನಿನಲ್ಲಿ ತೆಗೆದು ತಂದಿದ್ದ ಶೀಸೆಯ ನೀಲಿಯ ಫೋಟೋವನ್ನು ವೀರೇಂದ್ರ ಇನ್ನೊಮ್ಮೆ ನೋಡಿದ. "ಮಂಡಕ್ಕಿಗೆ ಇಷ್ಟು ನೀಲಿ ಬರಲ್ಲ ಕಣೋ. ಬೇರೆ ಏನೋ ಬೀಳ್ತಿದೆ. ಹುಡುಕು. ಆಗ್ಲಿಲ್ಲಾಂದ್ರೆ ಸಂಕೋಚ ಬೇಡ, ನನ್ನ ವರಾಂಡದಲ್ಲಿ ಜಾಗ ಮಾಡಿಟ್ಟಿದೀನಿ."

ಆ ಜಾಗವನ್ನು ತೋರಿಸಿಯೂ ತೋರಿಸಿದ. ಸ್ವಿಚ್ ಬೋರ್ಡ್ ಸಮೇತ ಸಿದ್ಧವಾಗಿತ್ತು. ಪ್ರಸನ್ನನಿಗೆ ಮೈಯೆಲ್ಲ ಉರಿದುಹೋಯಿತು.

ವಾಪಸ್ ಬರುವಾಗ ಮಲವಗೊಪ್ಪದ ಹತ್ತಿರ ಫೋನ್ ಬಂತು. "ರೀ, ಮಾಸ್ತರ್ರು ತಾಮ್ರದ ಚೊಂಬು ತಂದು ಮುಚ್ಚಳ ತೆಗೀತಿದಾರೆ," ಎಂದಳು ತನುಜಾ.

"ಬಿಡಬೇಡ ಮಾರಾಯ್ತಿ, ಕೈ ಹಿಡ್ಕೋ."

"ಓನರ್ ಕೈನ ನಾನು ಹಿಡ್ಕೊಳ್ಳೋಕಾಗತ್ತಾ?"

ಅಲ್ಲಿಂದ ಮನೆಯವರೆಗೆ ಸ್ಕೂಟರ್ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಮೆಟ್ಟಿಲು ಹತ್ತಿ ನೋಡಿದರೆ, ಮಾಸ್ತರರು ಸೋಫಾದಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಚೊಂಬು ಜಗದಾಂಬಾ ಅವರ ಕಂಕುಳಲ್ಲಿತ್ತು. "ನಮ್ಮಮ್ಮ ಕೊಟ್ಟ ಚೊಂಬು. ಮೀನಿನ ನೀರಿಗೆ ಹಾಕ್ತಾರಂತೆ, ಬಿಡ್ತೀನಾ ನಾನು?" ಎಂದರು. ಮಂಡಕ್ಕಿಯ ಸಿಟ್ಟನ್ನು ಪ್ರಸನ್ನ ಆ ಕ್ಷಣವೇ ಮರೆತುಬಿಟ್ಟ.

ತುಕ್ಕಿನ ಚೀಲವನ್ನು ಫಿಲ್ಟರಿನಲ್ಲಿಟ್ಟು ತಲೆಯೆತ್ತುವ ಹೊತ್ತಿಗೆ ದೇವರ ಕೋಣೆಯಿಂದ ಅತ್ತೆ ಬಸವರಾಜೇಶ್ವರಿ ಬಂದರು. ಕೈಯಲ್ಲಿ ಬೆಳ್ಳಿ ಬಟ್ಟಲು. ನೆಟ್ಟಗೆ ತೊಟ್ಟಿಯ ಹತ್ತಿರ ಹೋದರು, ಮುಚ್ಚಳ ಎತ್ತಿದರು, ಬಟ್ಟಲಿನ ಬೂದುಬಣ್ಣದ ನೀರನ್ನು ನಿಧಾನವಾಗಿ ಸುರಿದರು, ಕೈ ಮುಗಿದರು. ದಿನವೂ ಅವರ ಪೂಜೆ ಮುಗಿಯುವಾಗ ಪ್ರಸನ್ನ ಅಂಗಡಿಯಲ್ಲಿರುತ್ತಿದ್ದ. ಭಾನುವಾರವಾದರೆ ಸ್ನಾನದ ಮನೆಯಲ್ಲಿ. ಈ ದೃಶ್ಯವನ್ನು ಅವನು ನೋಡಿದ್ದು ಇದೇ ಮೊದಲು.

"ಅತ್ತೆ, ಇದು... ದಿನಾನೂ ಹಾಕ್ತೀರಾ?"

"ಹ್ಞೂಂ ಕಣಪ್ಪ. ಲಿಂಗಕ್ಕೆ ಮಜ್ಜನ ಮಾಡ್ಸಿದ ನೀರು, ತುಳಿದಾಡೋ ಕಡೆ ಚೆಲ್ಲೋಕಾಗತ್ತಾ? ಊರಲ್ಲಾದ್ರೆ ಪತ್ರೆ ಗಿಡದ ಬುಡಕ್ಕೆ ಹಾಕ್ತಿದ್ದೆ. ಇಲ್ಲಿ ಮೆಟ್ಲು ಇಳಿಯೋಕೆ ಮಂಡಿ ಕೇಳಲ್ಲ. ಸಿಂಕಿಗೆ ಹಾಕಿದ್ರೆ ಚರಂಡಿ ಪಾಲು. ಮನೆಯೊಳಗೇ ಸಮುದ್ರ ಇರುವಾಗ ನನಗೆ ಯಾವ ಚಿಂತೆ?"

ಬಟ್ಟಲಲ್ಲಿ ಉಳಿದಿದ್ದ ಹನಿಗಳನ್ನು ಪ್ರಸನ್ನ ಸದ್ದಿಲ್ಲದೆ ಶೀಸೆಗಿಳಿಸಿ ಔಷಧಿ ಬಿಟ್ಟ. ಶಾಲೆಯ ಇಂಕು ತಯಾರಾಯಿತು. ಧಾರಾಳವಾಗಿ ವಿಭೂತಿ ಬೆರೆತ ನೀರು. ಸಗಣಿ ಸುಟ್ಟ ಬೂದಿಯಲ್ಲಿ ಏನಿರುತ್ತದೆಂದು ಗೊಬ್ಬರದ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಇದನ್ನು ಹೇಳುವುದು ಹೇಗೆ? ನಿಮ್ಮ ಪೂಜೆಯ ನೀರಿನಿಂದ ನನ್ನ ತೊಟ್ಟಿ ಕೆಟ್ಟಿತು ಎಂದರೆ ಅತ್ತೆ ಆ ಕ್ಷಣವೇ ಊರಿನ ಬಸ್ಸು ಹತ್ತುತ್ತಾರೆ, ತನುಜಾ ತಿಂಗಳುಗಟ್ಟಲೆ ಮಾತು ಬಿಡುತ್ತಾಳೆ.

"ಅತ್ತೆ, ನಾಳೆಯಿಂದ ಆ ಬಟ್ಟಲು ನನ್ನ ಕೈಗೆ ಕೊಡಿ. ಮಾಸ್ತರ್ರ ಹಿತ್ತಲಲ್ಲಿ ಪತ್ರೆ ಗಿಡ ಇದೆ. ನಾನೇ ಹಾಕಿ ಬರ್ತೀನಿ."

"ಅಂಗಡಿ?"

"ಬಾಗಿಲು ಎಳ್ಕೊಂಡು ಬಂದು ಹೋಗ್ತೀನಿ."

ಅತ್ತೆಯ ಕಣ್ಣಲ್ಲಿ ನೀರಾಡಿತು. "ನೋಡೇ ತನು, ಅಳಿಯಂದ್ರಿಗೆ ಈಗ್ಲಾದ್ರೂ ಭಕ್ತಿ ಬಂತು," ಎಂದು ಅಡುಗೆ ಮನೆಗೆ ಕೂಗಿ ಹೇಳಿದರು.

ಭಕ್ತ ಪ್ಯಾಂಟು ಮಡಚಿಕೊಂಡು ನಿಂತ. ಹಳೇ ಟೂತ್‌ಬ್ರಷ್ಷಿನಲ್ಲಿ ಕಲ್ಲು ಉಜ್ಜಿದ, ಪಾಚಿಯನ್ನು ಬೆರಳಲ್ಲಿ ಕಿತ್ತ, ಕೊಳೆನೀರು ಪೈಪಿನಲ್ಲಿ ಎಳೆದು ಹೊರಗೆ ಬಿಟ್ಟ, ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಹೊಸ ಉಪ್ಪುನೀರು ತುಂಬಿದ. ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿತು. ಸಂಜೆಯ ಹೊತ್ತಿಗೆ ಶೀಸೆಯ ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿನೀಲಿಗೆ ಇಳಿದಿತ್ತು. ದೀಪ ಹಾಕಿದ. ನೇರಳೆ, ಗುಲಾಬಿ, ಚಿನ್ನದ ಬಣ್ಣದ ಹವಳಗಳು ನೀರಿನ ಸುಳಿಗೆ ತೂಗಾಡತೊಡಗಿದವು. ತನುಜಾ ಕೂಡ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಂತಳು.

"ಚೆನ್ನಾಗಿದೆ ರೀ. ಇರ್ಲಿ ಬಿಡಿ," ಎಂದಳು. ಪ್ರಸನ್ನನಿಗೆ ಅಳು ಬರುವುದೊಂದು ಬಾಕಿ.

ಗಂಡಿನ ಕಡೆಯವರು ಬಂದರು. ಹುಡುಗ ಮಲ್ಲಿಕ್, ಅವನ ತಂದೆ ಉಜ್ಜನಪ್ಪ. ಮಲ್ಲಿಕ್ ಸುಮನಾಳನ್ನು ನೋಡಿದ, ಸುಮನಾ ಮಲ್ಲಿಕನನ್ನು ನೋಡಿದಳು. ಇಬ್ಬರೂ ಮೊದಲೇ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡಿದ್ದರಿಂದ ಅದು ಬೇಗ ಮುಗಿಯಿತು. ಉಜ್ಜನಪ್ಪನವರು ಮಾತ್ರ ಹುಡುಗಿಯ ಕಡೆ ಸರಿಯಾಗಿ ತಿರುಗಲೇ ಇಲ್ಲ. ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು, ಪ್ರಸನ್ನನ ಕುರ್ಚಿಯಲ್ಲಿ ಕೂತು, ತೊಟ್ಟಿಯನ್ನೇ ನೋಡುತ್ತಿದ್ದರು. ಕೇಸರಿಬಾತು ತಣ್ಣಗಾಯಿತು. ಕೊನೆಗೆ ಅವರು ಇತ್ತ ತಿರುಗಿದರು.

"ಹುಡುಗಿ ನಮಗೆ ಒಪ್ಪಿಗೆ. ಕೊಡೋದು ತಗೊಳೋದು ಅಂತ ಬಾಯಿ ಬಿಡೋ ಜನ ನಾವಲ್ಲ. ಒಂದು ಚಮಚ ಕೂಡ ಬೇಡ ನಮಗೆ."

ಬಸವರಾಜೇಶ್ವರಿ ನಿಟ್ಟುಸಿರು ಬಿಟ್ಟು ಕೈ ಮುಗಿದರು.

"ಆದ್ರೆ ಒಂದು ಮಾತು," ಎಂದು ಉಜ್ಜನಪ್ಪ ತೊಟ್ಟಿಯ ಕಡೆ ಬೆರಳು ಮಾಡಿದರು. "ರಿಟೈರಾದ್ಮೇಲೆ ಮನೇಲಿ ನನಗೆ ಹೊತ್ತೇ ಹೋಗಲ್ಲ. ಇದರ ಮುಂದೆ ಕೂತಿದ್ದು ಮನಸ್ಸಿಗೆ ಎಷ್ಟು ತಂಪಾಯ್ತು ಅಂದ್ರೆ... ಕೇಳೋದಲ್ಲ, ಸುಮ್ನೆ ಹೇಳ್ದೆ ಅಷ್ಟೆ."

ಪ್ರಸನ್ನ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮಾತಾಡಿಬಿಟ್ಟರು. "ಬೀಗರು ಮನಸ್ಸಿಟ್ಟು ಹೇಳಿದ್ಮೇಲೆ ಇಲ್ಲ ಅನ್ನೋದುಂಟಾ? ನಮ್ಮ ಅಳಿಯಂದ್ರು ಅಂಥೋರಲ್ಲ. ತಗೊಂಡ್ ಹೋಗಿ."

ಪ್ರಸನ್ನ ತನುಜಾಳ ಮುಖ ನೋಡಿದ. ಅವಳು ತಂಗಿಯ ಮುಖ ನೋಡಿದಳು. ಸುಮನಾ "ಭಾವ" ಎಂದಷ್ಟೇ ಅಂದಳು. ಹಿರಿಯರೆಂದು ಬಂದು ಸೋಫಾದಲ್ಲಿ ಕೂತಿದ್ದ ಮಾಸ್ತರರು, "ಅವ್ರಿಗಾದ್ರೂ ತಾಮ್ರದ ವಿಷಯ ಹೇಳ್ಬಿಡಪ್ಪ," ಎಂದರು.

ಅವನು ಕೊನೆಯ ದಾರಿ ಹಿಡಿದ. "ಸರ್, ಇದು ನೋಡೋಕೆ ಚಂದ, ಸಾಕೋಕೆ ಭಾರಿ ಕಷ್ಟ. ಫಾಸ್ಫೇಟ್ ಏರ್ತಾನೇ ಇರತ್ತೆ. ಪಾಚಿ ಹಬ್ಬತ್ತೆ, ವಾಸನೆ ಬರತ್ತೆ. ನೀರು ಪರೀಕ್ಷೆ ಮಾಡ್ಬೇಕು, ಕಲ್ಲು ಉಜ್ಜಬೇಕು, ಉಪ್ಪುನೀರು ಕಲಸ್ಬೇಕು. ಇವತ್ತು ಬೆಳಿಗ್ಗೆಯಿಂದ ನಾನು ಊಟ ಮಾಡಿಲ್ಲ."

ಉಜ್ಜನಪ್ಪನವರು ಗಂಭೀರವಾಗಿ ಕೇಳಿಸಿಕೊಂಡರು. ಮತ್ತೊಮ್ಮೆ ತೊಟ್ಟಿಯನ್ನು ನೋಡಿದರು.

"ಎಲ್ಲಾ ನೀವೊಬ್ರೇ ಮಾಡ್ತೀರಾ?"

"ನಾನೊಬ್ನೇ."

"ಹಂಗಾದ್ರೆ ನನಗೇನು ಚಿಂತೆ," ಎಂದು ಅವರು ಅವನ ಭುಜ ತಟ್ಟಿದರು. "ಪ್ರತಿ ಭಾನುವಾರ ಬೆಳಿಗ್ಗೆನೇ ಬಂದ್ಬಿಡಿ. ಊಟ ನಮ್ಮನೇಲೇ."

ಎಲ್ಲರೂ ನಕ್ಕರು. ಪ್ರಸನ್ನನೂ ನಕ್ಕ, ನಗಲೇಬೇಕಿತ್ತು. ತೊಟ್ಟಿ ಹಸಿರಾಗಿಯೇ ಇದ್ದಿದ್ದರೂ ಭದ್ರಾವತಿಗೇ ಹೋಗುತ್ತಿತ್ತು, ಕನ್ನಡಿಯಾದರೂ ಭದ್ರಾವತಿಗೇ ಹೊರಟಿತು. ವೀರೇಂದ್ರನ ಮನೆಗಾಗಿದ್ದರೆ ಉಜ್ಜುವ ಕೆಲಸವಾದರೂ ಇವನಿಗೆ ತಪ್ಪುತ್ತಿತ್ತು.